ಸುರುಳಿ ಸಂಖ್ಯೆ ನಾನೂರ ಎಪ್ಪತ್ತೊಂದು

"ಕೈ ತೆಗೀರಿ ಮೇಡಂ! ಇನ್ನೊಂದು ಸುತ್ತು ಎಳೆದ್ರೆ ಹರಿದುಹೋಗತ್ತೆ."

ಸಂಗೀತ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಕಾಗದದ ಸುರುಳಿ ಬಿಚ್ಚುತ್ತಿದ್ದ ಅವಳು ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಉಪಕರಣದ ಪೆಟ್ಟಿಗೆ ಹಿಡಿದ ಗಂಡಸು ನಿಂತಿದ್ದ. ಪಿಯಾನೊ ರಿಪೇರಿಯವನು. 'ಹತ್ತು ವರ್ಷದಿಂದ ಕಾಪಾಡ್ತಿರೋಳು ನಾನು. ಮುಟ್ಟಬೇಡ ಅನ್ನೋಕೆ ಇವನ್ಯಾರು?'

ಆದರೂ ಕೈ ತೆಗೆದಳು. ಕಾಗದದ ಅಂಚು ಆಗಲೇ ಬಿರುಕು ಬಿಟ್ಟಿತ್ತು.

ಅವಳ ಸುಪರ್ದಿಯಲ್ಲಿದ್ದದ್ದು ರ‍್ಯಾಗ್‌ಟೈಮ್ ಸಂಗ್ರಹ. ಎಡಗೈ ಗಡಿಯಾರದಂತೆ ಹೆಜ್ಜೆ ಹಾಕುತ್ತಿರುವಾಗ ಬಲಗೈ ಬೇಕೆಂದೇ ತುಂಟತನ ಮಾಡುವ, ನೂರು ವರ್ಷ ಹಿಂದಿನ ಪಿಯಾನೊ ಸಂಗೀತ ಅದು. ಸ್ವರಲಿಪಿಯ ಹಾಳೆಗಳು, ಹಳೆಯ ಕ್ಯಾಟಲಾಗುಗಳು, ನುಡಿಸಿದವರ ಬೆರಳಾಟವನ್ನೇ ತೂತುಗಳಾಗಿ ಹಿಡಿದಿಟ್ಟ ಕಾಗದದ ಸುರುಳಿಗಳು. ಆ ಸುರುಳಿ ಹಾಕಿದರೆ ತಾನೇ ನುಡಿಯುವ ಪಿಯಾನೊ ಒಂದಿತ್ತು. ಅವಳು ಹುಟ್ಟುವ ಮೊದಲೇ ಅದರ ಬಾಯಿ ಕಟ್ಟಿಹೋಗಿತ್ತು. ಎಲ್ಲೆಲ್ಲಿಂದಲೋ ಆಸಕ್ತರು ಪತ್ರ ಬರೆದು ಕೇಳಿದ್ದಕ್ಕೆ ಹುಡುಕಿ ಉತ್ತರಿಸುವುದು ಅವಳ ಕೆಲಸ.

ಮೂರು ವರ್ಷದಿಂದ ಅವಳು ಒಂದೇ ಸುರುಳಿಯ ಬೆನ್ನು ಹತ್ತಿದ್ದಳು. ಅದರ ಡಬ್ಬಿಯ ಮೇಲೆ ಸಂಖ್ಯೆಯಿತ್ತು, ನುಡಿಸಿದವರ ಹೆಸರಿರಲಿಲ್ಲ. ಕ್ಯಾಟಲಾಗುಗಳನ್ನೆಲ್ಲ ತಾಳೆ ನೋಡಿ, ಅದು ಟೋಪಿ ಅಂಗಡಿಯಲ್ಲಿ ದುಡಿಯುತ್ತಿದ್ದ ಒಬ್ಬ ಹೆಂಗಸಿನ ಕೈಚಳಕ ಎಂದು ಪತ್ತೆ ಹಚ್ಚಿದ್ದಳು. ಪಿಯಾನೊ ಸರಿಯಾದ ದಿನ ಎಲ್ಲರೆದುರು ಅದನ್ನು ಹೇಳುವ ಆಸೆ.

ರಿಪೇರಿ ಎಂಟು ವಾರವಾದರೂ ಮುಗಿದಿರಲಿಲ್ಲ. ಅವನು ಗಾಳಿ ಹೀರುವ ತಿದಿಗಳನ್ನು ಬಿಚ್ಚಿ, ಒಣಗಿ ಬಿರುಕುಬಿಟ್ಟ ಬಟ್ಟೆ ಕಿತ್ತು, ಹೊಸದನ್ನು ಅಂಟಿಸಿದ. ಅವಳು ಹಳೆಯ ನಕ್ಷೆಗಳನ್ನು ಹುಡುಕಿಕೊಟ್ಟಳು, ದೀಪ ಹಿಡಿದಳು. ಮೊದಲ ದಿನದ ಸಿಟ್ಟು ಎಲ್ಲಿ ಕರಗಿತೋ ಗೊತ್ತಾಗಲಿಲ್ಲ. ಒಂದು ಸಂಜೆ ತನ್ನ ಗುಟ್ಟನ್ನೂ ಹೇಳಿಬಿಟ್ಟಳು. ಅವನು ಡಬ್ಬಿ ನೋಡಿ ಸಂಖ್ಯೆ ಬರೆದುಕೊಂಡ, ಯಾರಿಗೂ ಹೇಳುವುದಿಲ್ಲ ಎಂದ.

"ಊಟಕ್ಕೆ ಕೂತ್ರೂ ತಿದಿ ಸುದ್ದಿನೇ," ಎಂದಳು ಮನೆಯಲ್ಲಿ ಅಕ್ಕ. "ತಿದಿಯವನ ಸುದ್ದಿ ಯಾವಾಗ?"

ಅವಳು ತಟ್ಟೆ ನೋಡುತ್ತಾ ನಕ್ಕಳು.

ಮುಂದಿನ ವಾರ ರ‍್ಯಾಗ್‌ಟೈಮ್ ಆಸಕ್ತರ ಪತ್ರಿಕೆ ಬಂತು. ಮೊದಲ ಪುಟದಲ್ಲೇ ಟೋಪಿ ಅಂಗಡಿಯ ಹೆಂಗಸು! ಸುರುಳಿಯ ಸಂಖ್ಯೆಯೂ ಇತ್ತು. ಕಂಡುಹಿಡಿದವರು ಯಾರೋ ಒಬ್ಬ ಸಂಗ್ರಾಹಕರಂತೆ.

ಅವಳು ಪತ್ರಿಕೆಯನ್ನು ಮಡಚಿಟ್ಟಳು. 'ನಾನು ಹೇಳಿದ್ದು ಒಬ್ಬನಿಗೇ...'

ನೇರ ಗ್ರಂಥಾಲಯದ ನಿರ್ದೇಶಕರ ಕೋಣೆಗೆ ಹೋಗಿ ದೂರು ಕೊಟ್ಟಳು. ಅಂದೇ ಅವನ ಕೆಲಸ ನಿಲ್ಲಿಸಿದರು. ಅವನು ಉಪಕರಣಗಳನ್ನು ಒಂದೊಂದಾಗಿ ಜೋಡಿಸಿಕೊಂಡ. "ನಾನು ಹೇಳಿಲ್ಲ," ಎಂದಷ್ಟೇ ಹೇಳಿ ಹೊರಟುಹೋದ. ಅವಳು ತಲೆ ಎತ್ತಲಿಲ್ಲ.

ಹತ್ತು ದಿನ ಕಳೆದ ಮೇಲೆ, ಪತ್ರಗಳ ಪ್ರತಿಗಳನ್ನು ಫೈಲಿಗೆ ಸೇರಿಸುವಾಗ ಅವಳ ಕೈ ನಿಂತಿತು. ನಿವೃತ್ತ ಮೇಷ್ಟ್ರೊಬ್ಬರಿಗೆ ತಾನೇ ಬರೆದ ಉತ್ತರ. ಅವರು ಕೇಳಿದ್ದು ಒಂದು ಕ್ಯಾಟಲಾಗಿನ ವಿಷಯ. ಉತ್ಸಾಹದಲ್ಲಿ ಅವಳು ಒಂದು ಪುಟ ಹೆಚ್ಚೇ ಬರೆದಿದ್ದಳು. ಟೋಪಿ ಅಂಗಡಿ, ಹೆಂಗಸು, ಸುರುಳಿ ಸಂಖ್ಯೆ 417.

ಡಬ್ಬಿಯ ಮೇಲಿದ್ದದ್ದು 471. ಟೈಪ್ ಮಾಡುವಾಗ ಅವಳೇ ಅಂಕೆ ಅದಲು ಬದಲು ಮಾಡಿದ್ದಳು. ಪತ್ರಿಕೆ ತೆಗೆದು ನೋಡಿದಳು. ಅಲ್ಲೂ 417. ಡಬ್ಬಿ ನೋಡಿ ಬರೆದುಕೊಂಡವನಿಂದ ಈ ತಪ್ಪು ಹೋಗುವಂತಿರಲಿಲ್ಲ; ಅವಳ ಪತ್ರವೇ ಮೇಷ್ಟ್ರಿಂದ ಸಂಗ್ರಾಹಕರ ಕೈ ಸೇರಿತ್ತು.

'ಅಯ್ಯೋ... ನಾನೇ!'

ಅವಳು ಪತ್ರವನ್ನು ನಿರ್ದೇಶಕರಿಗೆ ತೋರಿಸಿ, ತಪ್ಪು ತನ್ನದೆಂದು ಬರೆದುಕೊಟ್ಟಳು. ಅವರು ಮುಖ ಗಂಟು ಹಾಕಿಕೊಂಡೇ ಅವನನ್ನು ಮತ್ತೆ ಕರೆಸಲು ಒಪ್ಪಿದರು. ಅಚ್ಚಾದ ಲೇಖನವಂತೂ ಹಿಂದಕ್ಕೆ ಬರುವಂಥದ್ದಲ್ಲ. ಅಲ್ಲಿಂದ ಸೀದಾ ಅವನ ಕಾರ್ಯಾಗಾರಕ್ಕೆ ನಡೆದಳು.

ಬಾಗಿಲ ಬಳಿ ಅವನ ತಾಯಿ ಕೂತು ಪಿಯಾನೊದ ಕೀಗಳಡಿ ಇಡುವ ಉಣ್ಣೆಯ ಬಿಲ್ಲೆ ಕತ್ತರಿಸುತ್ತಿದ್ದರು. ಕನ್ನಡಕದ ಮೇಲಿಂದ ನೋಡಿ, "ನೀನೇನಾ ಗ್ರಂಥಾಲಯದೋಳು? ಒಳಗೆ ಹೋಗಮ್ಮ. ಹತ್ತು ದಿನದಿಂದ ಹೂಂ ಉಹೂಂ ಬಿಟ್ರೆ ಮಾತಿಲ್ಲ ಅವನಿಗೆ," ಎಂದರು.

ಅವನು ಅಂಟು ಕಾಯಿಸುತ್ತಿದ್ದ. ಅವಳು ಪತ್ರ ಕೊಟ್ಟಳು. ಅವನು ನಿಧಾನವಾಗಿ ಓದಿದ, ಸಂಖ್ಯೆಯ ಮೇಲೆ ಬೆರಳಿಟ್ಟ.

"ತಪ್ಪು ನಂದು. ಡೈರೆಕ್ಟರಿಗೂ ಬರೆದುಕೊಟ್ಟಿದೀನಿ. ನಿಮ್ಮ ಕೆಲಸ ನಿಮಗೇ."

"ಕೆಲಸ ಹೋಗಿದ್ದಕ್ಕೆ ಬೇಜಾರಾಗಿಲ್ಲ," ಎಂದನವನು. "ಎಂಟು ವಾರ ಪಕ್ಕದಲ್ಲಿ ಕೂತಿದ್ರಿ. ಒಂದು ಮಾತು ನನ್ನ ಕೇಳಲಿಲ್ಲ."

"ಕೇಳೋಕೆ ಹೆದರಿಕೆಯಾಯ್ತು. ನೀವು ಹೌದು ಅಂದುಬಿಟ್ಟಿದ್ರೆ..." ಅವಳು ಬಿಸಿ ಅಂಟಿನ ಪಾತ್ರೆ ನೋಡುತ್ತಾ ಮುಂದುವರಿಸಿದಳು. "ಸುರುಳಿ ಪತ್ತೆ ಮಾಡಿದ ಹೆಸರು ಹೋಗಿದ್ದನ್ನ ತಡ್ಕೊಂಡೆ. ನೀವು ಅಂಥೋರು ಅಂತಾಗಿದ್ರೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ನಿಮ್ಮನ್ನ ಅಷ್ಟು ಹಚ್ಚಿಕೊಂಡಿದೀನಿ."

ಅವನು ಒಲೆ ಆರಿಸಿದ. ಪಕ್ಕದ ಸ್ಟೂಲನ್ನು ಒರೆಸಿ ಅವಳತ್ತ ಸರಿಸಿದ.

"ನಾನೂ ಅಷ್ಟೇ," ಎಂದ. "ಈ 'ನೀವು', 'ಮೇಡಂ' ಎಲ್ಲ ಬಿಡಬೇಕು ಅಂತ ತಿಂಗಳಿಂದ ಅಂದ್ಕೊತಿದೀನಿ. ಹೇಗೆ ಶುರು ಮಾಡೋದು ಅಂತಾನೇ ತಿಳೀತಿಲ್ಲ."

ಅವಳು ಕಣ್ಣೊರೆಸಿಕೊಂಡು ಕೂತಳು.

"ಹಾಗಾದ್ರೆ ನಾನೇ ಶುರು ಮಾಡ್ತೀನಿ. ನಿಂತೇ ಇದೀಯಲ್ಲ... ನೀನೂ ಕೂತ್ಕೋ."