ಗುಳ್ಳೆ ನುಡಿದ ಸಾಕ್ಷಿ

“ಮೂರು ನೀರುಗುಳ್ಳಿ ಅದಾವು. ಅಂಜಬ್ಯಾಡ್ರಿ, ಕ್ಯಾನ್ಸರ್ ಅಲ್ಲ,” ಎಂದಿತು ಯಂತ್ರ, ಅಚ್ಚ ಹುಬ್ಬಳ್ಳಿ ಮಾತಿನಲ್ಲಿ.

೨೦೬೧ರ ಒಂದು ಬೆಳಿಗ್ಗೆ. ಮೇಜಿನ ಮೇಲೆ ಮಲಗಿದ್ದ ಚಾರ್ವಿ ನಿರಾಳವಾಗಿ ಉಸಿರು ಬಿಟ್ಟಳು. ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ನಿವೇದಿತಾ ಹೆಮ್ಮೆಯಿಂದ ಬೀಗಿದರು. ಗರ್ಭಕಂಠದಲ್ಲಿ ಲೋಳೆ ಸುರಿಸುವ ಸಣ್ಣ ಗ್ರಂಥಿಗಳಿವೆ. ಒಂದರ ಬಾಯಿಯ ಮೇಲೆ ಚರ್ಮ ಬೆಳೆದು ಮುಚ್ಚಿಕೊಂಡರೆ, ಲೋಳೆ ಒಳಗೇ ನಿಂತು ಅಕ್ಕಿಕಾಳಿನಷ್ಟು ಗುಳ್ಳೆಯಾಗುತ್ತದೆ. ಅದು ನಿರುಪದ್ರವಿ, ಎಷ್ಟೋ ಹೆಂಗಸರಿಗೆ ಇರುವುದೇ ಗೊತ್ತಾಗುವುದಿಲ್ಲ. ಆದರೆ ಮುಚ್ಚಿಕೊಂಡಾಗ ಮೈಯಲ್ಲಿದ್ದ ಹಾರ್ಮೋನುಗಳ ಗುರುತು ಆ ಲೋಳೆಯಲ್ಲಿ ಹಾಗೇ ಉಳಿಯುತ್ತದೆಂದು ನಿವೇದಿತಾ ಪತ್ತೆಮಾಡಿದ್ದರು. ಸೂಜಿ ಚುಚ್ಚದೆ, ಬರೀ ಬೆಳಕು ಹಾಯಿಸಿ ಯಂತ್ರ ಅದನ್ನೂ ಗುಳ್ಳೆಯ ವಯಸ್ಸನ್ನೂ ಓದುತ್ತಿತ್ತು. ಬರಲಿರುವ ಕಾಯಿಲೆಯನ್ನು ಮೊದಲೇ ಹಿಡಿಯಬೇಕೆಂಬುದು ಅವರ ಆಸೆ. ಓದಲು ಬಾರದವರಿಗೂ ತಿಳಿಯಲೆಂದು ಅದಕ್ಕೆ ಬಾಯಿ ಕೊಟ್ಟಿದ್ದರು. ಸೊಸೆಯ ಜೊತೆ ಅತ್ತೆ ಬಂದೇ ಬರುತ್ತಾಳೆಂಬುದನ್ನು ಮಾತ್ರ ಈ ಜಾಣೆ ಮರೆತಿದ್ದರು.

“ಹಳೇ ಗುಳ್ಳಿ ಹನ್ನೊಂದು ವರ್ಷದ್ದು,” ಯಂತ್ರ ಮುಂದುವರಿಸಿತು. “ಅದು ಮುಚ್ಚಿಕೊಂಡಾಗ ನೀವು ಬಸುರಿ ಇದ್ರಿ.”

ಚಾರ್ವಿಗೆ ಮದುವೆಯಾಗಿ ಐದೇ ವರ್ಷ; ಮನೆಯಲ್ಲಿ ಮೂರು ವರ್ಷದ ಮಗಳು. ಪರದೆಯಾಚೆ ಫೋನಿನಲ್ಲಿ ಹರಟುತ್ತಿದ್ದ ಅತ್ತೆ ಪವಿತ್ರಾಳ ಮಾತು ಫಕ್ಕನೆ ನಿಂತಿತು.

“ನನ್ನ ಮಗಳನ್ನ ಕಸ್ಕೋತಾರ್ರಿ ಡಾಕ್ಟರ್,” ಚಾರ್ವಿ ಪಿಸುಗುಟ್ಟಿದಳು.

ನಿವೇದಿತಾ ಪರದೆ ಸರಿಸಿ ಬಂದು, “ಯಂತ್ರ ಕೆಟ್ಟೈತ್ರಿ, ತಪ್ಪು ಹೇಳಾಕತ್ತೈತಿ,” ಎಂದು ಹಸೀ ಸುಳ್ಳು ಹೇಳಿದರು.

“ಹೌದೇನ್ರಿ?” ಪವಿತ್ರಾ ತಣ್ಣಗೆ ಕೇಳಿದಳು. “ಹಂಗಾರ ಕ್ಯಾನ್ಸರ್ ಇಲ್ಲ ಅಂದದ್ದೂ ತಪ್ಪೇನು?”

ಅಂದು ಸಂಜೆಯೇ ಚಾರ್ವಿ ತವರು ಸೇರಿದಳು. ಮಗಳನ್ನು ಅವಳ ಜೊತೆ ಕಳಿಸಲಿಲ್ಲ.

ನಿವೇದಿತಾ ತಮ್ಮ ಯಂತ್ರದ ಬಾಯಿ ಮುಚ್ಚಿಸಿದರು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಬೇರೆ ಆಸ್ಪತ್ರೆಗಳು ಕಂಪನಿಯಿಂದ ಮಾತಾಡುವ ಯಂತ್ರಗಳನ್ನೇ ಬಯಸಿ ತರಿಸಿಕೊಂಡವು. ಮದುವೆಯ ಕಾಲ ಬಂದಾಗ, ಯಾವ ಕಾಯಿಲೆಯೂ ಇಲ್ಲದ ಹುಡುಗಿಯರು ಭಾವೀ ಅತ್ತೆಯರ ಹಿಂದೆ ತಲೆ ತಗ್ಗಿಸಿ ನಿವೇದಿತಾರ ಬಳಿಗೂ ಬರತೊಡಗಿದರು; ಅವರ ಯಂತ್ರ ಮೂಕವಾದದ್ದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

“ಏನ್ ತೊಂದ್ರಿ ಐತವ್ವಾ?” ಎಂದು ಅಂಥ ಒಬ್ಬಳನ್ನು ನಿವೇದಿತಾ ಕೇಳಿದರು.

ಉತ್ತರ ಕೊಟ್ಟವಳು ಪಕ್ಕದ ಹೆಂಗಸು. “ತೊಂದ್ರಿ ಏನಿಲ್ರಿ. ಮೊದಲೆಲ್ಲ ಹುಡುಗಿ ಹೆಂಗ ಅಂತ ಓಣ್ಯಾಗಿನವರನ್ನ ಕೇಳತಿದ್ವಿ. ಈಗ ಇಲ್ಲೇ ಕೇಳೋಣು ಅಂತ ಬಂದೇವಿ.”

“ಹುಡುಗನ್ನ ಎಲ್ಲಿ ಕೇಳಿದ್ರಿ?”

ಹೆಂಗಸಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ನಿವೇದಿತಾರಿಗೆ ತಾಯಿ ಹೇಳುತ್ತಿದ್ದುದು ನೆನಪಾಯಿತು. ಈ ಶತಮಾನದ ಮೊದಲಲ್ಲಿ ಆ ತಾಯಿಯ ಬಗ್ಗೆಯೂ ಬೀಗರು ಹೀಗೇ ಓಣಿಯೆಲ್ಲ ಕೇಳಿಕೊಂಡು ಬಂದಿದ್ದರಂತೆ. ಆಗ ಅದು ಯಾರಿಗೂ ತಪ್ಪೆನಿಸಲಿಲ್ಲ. ಯಂತ್ರವಿನ್ನೂ ಬಂದಿರಲಿಲ್ಲ, ಅಷ್ಟೇ.