ಮೂವರಲ್ಲಿ ಇಬ್ಬರು

ಆರ್ಡಿಸ್ ಟೊಲೆಫ್ಸನ್‌ಗೆ ಊಟದ ಮೇಜಿನ ಎದುರು ಕೂರಲು ಒಬ್ಬ ಮನುಷ್ಯ ಇರಲಿಲ್ಲ. ನೂರಾ ಎಂಬತ್ತು ಹಸುಗಳಿದ್ದವು. ಒಂಬತ್ತು ವರ್ಷದ ಹಿಂದೆ ತೀರಿಹೋದ ಗಂಡನ ಟ್ರ್ಯಾಕ್ಟರ್ ಇತ್ತು. ಬ್ಯಾಜರ್ ಹಿಲ್ ಶಾಲಾ ಮಂಡಳಿಯ ಅಧ್ಯಕ್ಷೆಯ ಕುರ್ಚಿ ಇತ್ತು. ಮನುಷ್ಯ ಇರಲಿಲ್ಲ.

ಪೂರ್ವ ಮೊಂಟಾನಾದ ಆ ಶಾಲೆಗೆ ಒಂದೇ ಕೋಣೆ, ಒಬ್ಬಳೇ ಟೀಚರ್, ಐದು ಮಕ್ಕಳು. ಮಂಡಳಿಗೆ ಮೂರೇ ಕುರ್ಚಿ. ಎರಡನೆಯದರಲ್ಲಿ ಲೈಲ್ ಬ್ರುಕ್ನರ್, ಗೋಧಿ ಬೆಳೆಯುವ ಮುದುಕ. ಮೂರನೆಯದು ಖಾಲಿ ಬಿದ್ದಾಗ ಎಲ್ಲರೂ ಬೇಡವೆಂದರು, ರಾಯ್ಸ್ ಹಾಗನ್ ಹೂಂ ಎಂದ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷವಾಗಿತ್ತು. ಮಗಳು ರೆನ್‌ಗೆ ಎಂಟು ವರ್ಷ, ಆ ಐವರಲ್ಲಿ ಒಬ್ಬಳು.

ಮೊದಲ ಸಭೆ ಮುಗಿದ ವಾರವೇ ಅವನು ಅವಳ ಅಂಗಳಕ್ಕೆ ಬಂದ.

"ನಿಮ್ಮ ಕರು ಬೇಲಿ ದಾಟಿ ನಮ್ಮ ಕಡೆ ಬಂದಿದೆ."

"ಅದಕ್ಕೆ ಫೋನ್ ಮಾಡಿದ್ರೆ ಆಗ್ತಿತ್ತು."

"ಆಗ್ತಿತ್ತು," ಎಂದು ಟೋಪಿ ತೆಗೆದ. ಕೂದಲು ಒತ್ತಿಹೋಗಿ ಹಣೆಗೆ ಅಂಟಿತ್ತು. "ಫೋನಲ್ಲಿ ಕಾಫಿ ಕೊಡಲ್ವಲ್ಲ."

ಅವಳು ನಗಲಿಲ್ಲ. ಒಳಗೆ ಹೋಗಿ ಎರಡು ಲೋಟ ಇಟ್ಟಳು. ಎರಡನೇ ಲೋಟ ಎಲ್ಲಿದೆಯೆಂದು ಹುಡುಕಬೇಕಾಯಿತು.

ತೊಡಕೊಂದಿತ್ತು. ಮಂಡಳಿಯ ಮೂವರಲ್ಲಿ ಇಬ್ಬರು ಸೇರಿ ಶಾಲೆಯ ಮಾತೆತ್ತಿದರೆ ಕಾನೂನಿನ ಪ್ರಕಾರ ಅದೇ ಸಭೆ. ಸಭೆಯೆಂದರೆ ಎರಡು ದಿನ ಮೊದಲೇ ಶಾಲೆಯ ಬಾಗಿಲಿಗೆ ಚೀಟಿ ಅಂಟಿಸಬೇಕು, ಬಂದವರೆಲ್ಲರ ಎದುರು ಮಾತಾಡಬೇಕು. ಕದ್ದು ಮಾತಾಡಿ ತೆಗೆದುಕೊಂಡ ತೀರ್ಮಾನ ರದ್ದು. ಆರು ವರ್ಷದ ಹಿಂದೆ ಲೈಲ್ ಮತ್ತು ಆಗ ಮೂರನೇ ಕುರ್ಚಿಯಲ್ಲಿದ್ದ ಅವನ ಭಾವಮೈದ ಪಿಕಪ್‌ನಲ್ಲಿ ಕೂತು, ಶಾಲೆಗೆ ಯಾವ ಹೀಟರ್ ಎಂದು ಇಬ್ಬರೇ ತೀರ್ಮಾನಿಸಿದಾಗ ದೂರು ಕೊಟ್ಟವಳು ಆರ್ಡಿಸ್ಸೇ. ಭಾವಮೈದ ಕುರ್ಚಿ ಬಿಟ್ಟ. ಅಂದಿನಿಂದ ಲೈಲ್ ದಾರಿಯಲ್ಲಿ ಎದುರಾದರೆ ನಮಸ್ಕಾರಕ್ಕೆಂದು ಸ್ಟೀರಿಂಗ್ ಮೇಲಿಂದ ಒಂದು ಬೆರಳೂ ಎತ್ತುವುದಿಲ್ಲ.

ಹಾಗಾಗಿ ಅವಳ ಅಡುಗೆಮನೆಯಲ್ಲಿ ಒಂದು ನಿಯಮ ಹುಟ್ಟಿತು. ಶಾಲೆಯ ಹೆಸರೆತ್ತಿದವರು ಪಾತ್ರೆ ತೊಳೆಯಬೇಕು.

"ಇವತ್ತು ರೆನ್ ಒಂದು ಕುದುರೆ ಚಿತ್ರ ಬರೆದಳು," ಎಂದ ರಾಯ್ಸ್ ಒಂದು ಸಂಜೆ, ಆಲೂಗಡ್ಡೆ ಬಡಿಸಿಕೊಳ್ಳುತ್ತ.

"ಎಲ್ಲಿ ಬರೆದಳು?"

"ಒಂದು ಕಟ್ಟಡದಲ್ಲಿ."

"ಯಾವ ಕಟ್ಟಡ?"

"ಹೇಳಲ್ಲ. ನನ್ನ ಕೈಲಿ ಪಾತ್ರೆ ತೊಳೆಸೋ ಆಸೆ ನಿಂಗೆ."

ಅವಳು ಫೋರ್ಕ್ ತುದಿಯಿಂದ ಅವನ ತಟ್ಟೆಯ ಕೊನೆಯ ಮಾಂಸದ ತುಂಡು ಎತ್ತಿಕೊಂಡಳು. ಅವನು ನೋಡುತ್ತ ಕೂತ, ತಡೆಯಲಿಲ್ಲ.

ಮಾರ್ಚ್‌ನಲ್ಲಿ ಲೈಲ್ ಶಾಲೆ ಮುಚ್ಚುವ ಪ್ರಸ್ತಾಪ ತಂದ. ಐದು ಮಕ್ಕಳಿಗೆ ಒಂದು ಶಾಲೆ ಯಾಕೆ, ಪಟ್ಟಣಕ್ಕೆ ಬಸ್ಸಿದೆಯಲ್ಲ ಎಂದು ಅವನ ವಾದ. ತಪ್ಪು ವಾದವೇನಲ್ಲ, ಆರ್ಡಿಸ್‌ಗೂ ಅದು ಗೊತ್ತಿತ್ತು. ಮಂಗಳವಾರ ಮತದಾನವೆಂದು ಬಾಗಿಲಿಗೆ ಚೀಟಿ ಬಿತ್ತು.

ಶನಿವಾರ ಊಟಕ್ಕೆ ಕೂತ ರಾಯ್ಸ್ ಏನೂ ಮುಟ್ಟಲಿಲ್ಲ.

"ಮುಚ್ಚಿದ್ರೆ ರೆನ್‌ನ ಕರ್ಕೊಂಡು ಪಟ್ಟಣದಲ್ಲಿ ಅಕ್ಕನ ಮನೆಗೆ ಹೋಗ್ಬೇಕು ನಾನು. ದಿನಾ ಎಂಬತ್ತು ಮೈಲಿ ಬಸ್ಸಲ್ಲಿ ಆ ಮಗು ಕೂರಲ್ಲ."

ಆಗಲೇ ಎದ್ದು ತಟ್ಟೆ ತೆಗೆದಿಡಬೇಕಿತ್ತು ಅವಳು.

"ಮುಚ್ಚಲ್ಲ," ಎಂದಳು. "ನನ್ನ ಓಟು ನಿನ್ನ ಜೊತೆ."

ಅವನು ಯಾರೂ ಹೇಳದೆ ಎರಡೂ ತಟ್ಟೆ ಎತ್ತಿಕೊಂಡು ಹೋಗಿ ತೊಳೆದ. ಅವಳು ಪಕ್ಕದಲ್ಲಿ ನಿಂತು ಒರೆಸಿದಳು. ಮೊಣಕೈಗೆ ಮೊಣಕೈ ತಾಗಿತು. ಯಾರೂ ಸರಿಯಲಿಲ್ಲ.

ಮಂಗಳವಾರ ಒಂದರ ವಿರುದ್ಧ ಎರಡು ಮತಗಳಿಂದ ಶಾಲೆ ಉಳಿಯಿತು.

ಏಪ್ರಿಲ್ ಸಭೆಗೆ ಹನ್ನೊಂದು ಜನ ಬಂದು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತಿದ್ದರು. ಲೈಲ್ ದೂರು ಕೊಟ್ಟಿದ್ದ.

"ಹಾಗನ್ ಪಿಕಪ್ಪು ನಿನ್ನ ಅಂಗಳದಲ್ಲಿ ಹದಿನಾಲ್ಕು ಸಂಜೆ ನೋಡಿದೀನಿ, ಆರ್ಡಿಸ್. ಹದಿನಾಲ್ಕು ಸಲ ಕರು ತಪ್ಪಿಸ್ಕೊಂಡಿತ್ತಾ?"

ಹಿಂದಿನ ಸಾಲಿನಲ್ಲಿ ನಗು ಎದ್ದಿತು.

"ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಊರೇನು ಕುರುಡಾ? ನೀವು ಏನು ಮಾಡಿದ್ರಿ ಅಂತ ನಾನು ಕೇಳಲ್ಲ, ಅದು ನಿಮ್ಮ ಪಾಡು. ಓಟಿನ ಮಾತು ಆಡಿದ್ರಾ? ಅಷ್ಟು ಹೇಳಿ."

"ಇಲ್ಲ," ಎಂದ ರಾಯ್ಸ್. "ಒಂದು ಸಲಾನೂ ಇಲ್ಲ."

ಗುಮಾಸ್ತೆ ನೋಲಾ ಅದನ್ನು ಬರೆದುಕೊಂಡು ಆರ್ಡಿಸ್ ಕಡೆ ತಿರುಗಿದಳು.

ಆರ್ಡಿಸ್ ಲೈಲ್‌ನನ್ನೇ ನೋಡಿದಳು. ಆರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಇದೇ ಪ್ರಶ್ನೆಯನ್ನು ಅವಳೇ ಅವನಿಗೆ ಕೇಳಿದ್ದಳು. ಕಿವಿಯವರೆಗೂ ಕೆಂಪಾಗಿ, ನೆಲ ನೋಡುತ್ತ, ಅವನು ಹೌದು ಎಂದಿದ್ದ. ಅವನ ಬಗ್ಗೆ ಅವಳಿಗೆ ಯಾವತ್ತೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಆದರೆ ಹೌದು ಎಂದಿದ್ದ.

"ಹೌದು," ಎಂದಳು. "ಒಂದು ಸಲ. ಶನಿವಾರ, ಊಟಕ್ಕೆ ಕೂತಾಗ."

ರಾಯ್ಸ್ ಅವಳ ಕಡೆ ನೋಡಲಿಲ್ಲ. ಟೋಪಿ ಹಾಕಿಕೊಂಡು, "ನನ್ನ ರಾಜೀನಾಮೆ ಬರ್ಕೋ ನೋಲಾ," ಎಂದು ಎದ್ದು ಹೋದ.

ಹಳೆಯ ಮತ ರದ್ದಾಯಿತು. ಮತ್ತೆ ಮತ ಹಾಕಿದಾಗ ಉಳಿಸಲು ಆರ್ಡಿಸ್, ಮುಚ್ಚಲು ಲೈಲ್. ಇಷ್ಟು ಚಿಕ್ಕ ಶಾಲೆ ಮುಂದುವರಿಯಲು ಮಂಡಳಿಯ ಬಹುಮತ ಬೇಕು, ಸಮಬಲವಾದರೆ ಉಳಿಯುವುದಿಲ್ಲ. ಮೇ ಒಂದರೊಳಗೆ ಮೂರನೆಯವರು ಬಂದರೆ ಇನ್ನೊಮ್ಮೆ ನೋಡಬಹುದಿತ್ತು. ಕುರ್ಚಿ ಖಾಲಿ ಇದೆಯೆಂದು ಆರ್ಡಿಸ್ ತಾನೇ ಬಾಗಿಲಿಗೆ ಚೀಟಿ ಅಂಟಿಸಿದಳು, ಮನೆಮನೆಗೂ ಹೋಗಿ ಕೇಳಿದಳು. ಒಬ್ಬರೂ ಬಿಡದೆ ಎಲ್ಲರೂ ಅವಳಿಗೆ ಕಾಫಿ ಕೊಟ್ಟರು. ಆ ಕುರ್ಚಿಯಲ್ಲಿ ಕೂರುತ್ತೇನೆಂದು ಯಾರೂ ಹೇಳಲಿಲ್ಲ.

ಜೂನ್‌ನಲ್ಲಿ ಸಾಮಾನು ತುಂಬಿದ ಪಿಕಪ್ ಅವಳ ಗೇಟಿನ ಬಳಿ ನಿಂತಿತು. ಮುಂದಿನ ಸೀಟಿನಲ್ಲಿ ರೆನ್, ತೊಡೆಯ ಮೇಲೆ ಶಾಲೆಯ ಗ್ಲೋಬು. ರಾಯ್ಸ್ ಇಳಿದು ಬಂದ.

"ಇಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು, ಆರ್ಡಿಸ್?"

"ಅನ್ನಬಹುದಿತ್ತು. ಆಮೇಲೆ ದಿನಾ ಆ ಮೇಜಿಗೆ ಕೂರಬೇಕಿತ್ತಲ್ಲ ಇಬ್ರೂ."

"ಮಗಳಿಗೋಸ್ಕರ ಸುಳ್ಳು ಹೇಳಿದೆ ನಾನು. ನಿಂಗೋಸ್ಕರಾನೂ."

"ಗೊತ್ತು." ಅವಳು ಗೇಟಿನ ಚಿಲಕ ಹಿಡಿದುಕೊಂಡಿದ್ದಳು. "ನನ್ನ ಓಟೂ ಶಾಲೆಗೋಸ್ಕರ ಅಲ್ಲ. ನೀನು ಹೋಗ್ಬಾರದು ಅಂತ ಹಾಕಿದ್ದು. ಅದನ್ನ ಚೀಟಿ ಅಂಟಿಸಿ ಹೇಳೋಕಾಗಲ್ಲ."

ಅಂಥ ಮಾತನ್ನು ಅವಳು ಹಿಂದೆ ಯಾವತ್ತೂ ಹೇಳಿರಲಿಲ್ಲ. ಅವನು ಗೇಟಿನ ಮೇಲಿದ್ದ ಅವಳ ಬೆರಳುಗಳ ಮೇಲೆ ತನ್ನ ಕೈ ಇಟ್ಟ.

"ಈಗ ನಾನು ಮಂಡಳಿಯವನಲ್ಲ," ಎಂದ. "ಶಾಲೆ ಮಾತು ಎಷ್ಟು ಬೇಕಾದ್ರೂ ಆಡಬಹುದು."

"ಆಡು."

ಅವನು ಕೈ ತೆಗೆದು ಪಿಕಪ್ ಹತ್ತಿದ. ಬಾ ಎಂದು ಅವನು ಕರೆಯಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ. ರೆನ್ ಗ್ಲೋಬನ್ನು ಅಪ್ಪಿಕೊಂಡೇ ಕೈ ಬೀಸಿದಳು.

ಆ ವರ್ಷ ಬ್ಯಾಜರ್ ಹಿಲ್ ಕಳೆದುಕೊಂಡದ್ದು ಒಂದು ಶಾಲೆ, ಐದು ಮಕ್ಕಳು, ಒಬ್ಬಳು ಟೀಚರ್. ಆರ್ಡಿಸ್ ಕಳೆದುಕೊಂಡದ್ದು ಒಬ್ಬ ಮನುಷ್ಯ, ಹದಿನಾಲ್ಕು ಸಂಜೆ. ಲೈಲ್ ಲೆಕ್ಕ ತಪ್ಪಿರಲಿಲ್ಲ.