ಬ್ರೇಕರ್ ಒತ್ತಿದ ಕೈ

2007ರ ಮಾರ್ಚ್ 15ರ ಬೆಳಗ್ಗೆ ಗುಂಡ್ಲುಪೇಟೆ ಠಾಣೆಗೆ ಬಂದ ಗುರುಮಲ್ಲಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ ಗಂಡ ಕಂಬದ್ ಮ್ಯಾಲಿದ್ದ ಸಾ. ಆ ಹುಡ್ಗಿ ಕರೆಂಟ್ ಬುಟ್ಬುಟ್ಳು."

ಆಕೆಯ ಗಂಡ ರಂಗನಾಯಕ ಲೈನ್‌ಮನ್. ಹಿಂದಿನ ದಿನ ಮಧ್ಯಾಹ್ನ ಮದ್ದೂರು ಕಡೆಯ ಲೈನ್ ದುರಸ್ತಿಗೆ ಕಂಬ ಹತ್ತಿದ್ದ. ಕಗ್ಗಲ್ಲುಪುರ ವಿದ್ಯುತ್ ಉಪಕೇಂದ್ರದ ಆಪರೇಟರ್ ಸುಧಾಮಣಿ ಲೈನ್ ಕಡಿದು, ಕೆಲಸ ಮಾಡಬಹುದೆಂದು ಅನುಮತಿ ಕೊಟ್ಟಿದ್ದಳು. ಕೆಲಸ ಅರ್ಧವಾಗುವಷ್ಟರಲ್ಲಿ ಲೈನಿಗೆ ವಿದ್ಯುತ್ ಹರಿಯಿತು. ವಿದ್ಯುತ್ತನ್ನು ನೆಲಕ್ಕಿಳಿಸಲು ಅವನು ಮೊದಲೇ ಲೈನಿಗೆ ಕಟ್ಟಿದ್ದ ಅರ್ತಿಂಗ್ ಸರಪಳಿಯಿಂದ ಜೀವ ಉಳಿದಿತ್ತು. ಬಲಗೈ ಸುಟ್ಟು, ಕೆಳಕ್ಕೆ ಬಿದ್ದು ಕಾಲು ಮುರಿದಿತ್ತು.

ಇನ್‌ಸ್ಪೆಕ್ಟರ್ ಸಿದ್ದಮಲ್ಲಪ್ಪ ನಿರ್ಲಕ್ಷ್ಯದಿಂದ ತೀವ್ರ ಗಾಯಗೊಳಿಸಿದ ಆರೋಪಕ್ಕೆ ಐಪಿಸಿ ಕಲಂ 338ರಡಿ ಎಫ್‌ಐಆರ್ ದಾಖಲಿಸಿದರು. ಸುಧಾಮಣಿಯನ್ನು ಆಗಲೇ ಅಮಾನತು ಮಾಡಲಾಗಿತ್ತು. ಕರೆಸುವ ಮೊದಲೇ ಆಕೆ ತಾನಾಗಿ ಠಾಣೆಗೆ ಬಂದಳು.

"ಸ್ವಿಚ್ ತಿರುಗಿಸಿದ್ರಾ?"

"ಇಲ್ಲ."

"ಮತ್ತೆ ಲೈನ್ ಹೇಗೆ ಬಂತು?"

"ತಾನಾಗೇ ಬಂತು ಸಾರ್. ಜನವರಿಯಲ್ಲೂ ಒಂದ್ಸಲ ಲೋಡ್ ಶೆಡ್ಡಿಂಗ್ ಹೊತ್ನಲ್ಲಿ ಹಿಂಗೇ ಆಗಿತ್ತು. ಹೇಳಿದ್ದಕ್ಕೆ ನಕ್ಕುಬುಟ್ರು."

"ಜಾಮೀನಿಗೆ ವಕೀಲರನ್ನ ನೋಡಿದ್ದೀರಾ?"

"ನಮ್ಮಣ್ಣ ನೋಡು ಅಂದ. ತಪ್ಪು ಮಾಡ್ದೇ ಇದ್ದೋಳು ಯಾಕೆ ಓಡಾಡ್ಲಿ? ಆ ಆಪರೇಟರ್ ಕುರ್ಚೀಲಿ ಕೂತ ಮೊದಲ ಹೆಂಗಸು ನಾನು. ಯಾರೋ ಏನೋ ಅಂದ್ರು ಅಂತ ಎದ್ದೋಗಕ್ಕೆ ಕೂತಿಲ್ಲ ಸಾರ್."

ಆಕೆ ಕಣ್ಣು ತಗ್ಗಿಸದೆ ಹೇಳಿದ ರೀತಿ ಸಿದ್ದಮಲ್ಲಪ್ಪನವರಿಗೆ ಹಿಡಿಸಿತು. ಆದರೆ ಅದು ಸಾಕ್ಷ್ಯವಲ್ಲ.

ಉಪಕೇಂದ್ರದ ಎಂಜಿನಿಯರ್ ವಿವರಿಸಿದರು. ಕೋಣೆಯ ಸ್ವಿಚ್ ತಿರುಗಿಸಿದರೆ ರಿಲೇ ಎಳೆಯುತ್ತದೆ. ರಿಲೇ ಎಳೆದರೆ ಹೊರಗೆ ಅಂಗಳದಲ್ಲಿರುವ ಬ್ರೇಕರ್ ಕೂತು, ಅಂದರೆ ಜೋಡಿಕೊಂಡು, ಲೈನಿಗೆ ವಿದ್ಯುತ್ ಹರಿಯುತ್ತದೆ. ಬ್ರೇಕರ್ ಪೆಟ್ಟಿಗೆಯಲ್ಲೂ ಅದೇ ಕೆಲಸ ಮಾಡುವ ಒಂದು ಗುಂಡಿಯಿದೆ. ಆದರೆ ಪೆಟ್ಟಿಗೆಗೆ ಬೀಗವಿದೆ, ಬೀಗದ ಕೈ ಇರುವುದು ಆಪರೇಟರ್ ಎದುರಿನ ಮೊಳೆಯಲ್ಲಿ.

"ರಿಲೇಯೇ ಕೆಟ್ಟಿದ್ದರೆ?"

"ಮೂವತ್ತು ವರ್ಷದ ಹಳೇದು. ಏನು ಮಾಡ್ತು ಅಂತ ನೆನಪಿಟ್ಟುಕೊಳ್ಳೋ ಯಂತ್ರ ಅಲ್ಲ ಅದು."

ಸಿದ್ದಮಲ್ಲಪ್ಪ ಚಾಮರಾಜನಗರದ ವೈರ್‌ಲೆಸ್ ವಿಭಾಗಕ್ಕೆ ಫೋನ್ ಮಾಡಿದರು. ಅಲ್ಲಿಂದ ಬಂದವಳು ಶಿವರಂಜಿನಿ, ಉಡಿಗಾಲದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪೊಲೀಸ್ ಸೇರಿದವಳು. ಬ್ಯಾಗಿನಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದಳು. ಒಳಗೆ ಆಕೆಯೇ ಬೆಸೆದ ಬೋರ್ಡು, ಅದರ ನಡುವೆ ಹೆಬ್ಬೆರಳಿನಷ್ಟು ಉದ್ದದ ಮೈಕ್ರೊಕಂಟ್ರೋಲರ್.

"ಸ್ವಿಚ್ಚು, ರಿಲೇ, ಬ್ರೇಕರ್, ಮೂರರ ಸಂಕೇತಾನೂ ಇದು ನೋಡ್ತಾ ಕೂತಿರ್ತದೆ ಸಾರ್. ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳ್ತದೆ. ನಮ್ಮ ಕಣ್ಣಿಗೆ ಎಲ್ಲಾ ಒಂದೇ ಸಲ ಆದಂಗೆ ಕಾಣ್ತದೆ, ಇದಕ್ಕೆ ಹಂಗಲ್ಲ. ಅನುಕ್ರಮ ತಪ್ಪಿದ್ರೆ ಕಿರುಚ್ತದೆ."

"ಇವರು ನಮ್ಮ ಇಲಾಖೆಯ ಎಂಜಿನಿಯರ್," ಎಂದು ಸಿದ್ದಮಲ್ಲಪ್ಪ ಉಪಕೇಂದ್ರದಲ್ಲಿ ಪರಿಚಯಿಸಿದರು.

"ಕಾನ್‌ಸ್ಟೇಬಲ್ ಶಿವರಂಜಿನಿ," ಎಂದು ಆಕೆ ತಿದ್ದಿದಳು. "ಪಂಚನಾಮೆಯಲ್ಲೂ ಹಾಗೇ ಬರೀರಿ ಸಾರ್."

ಪಂಚರ ಸಮಕ್ಷಮದಲ್ಲಿ ಡಬ್ಬಿಯನ್ನು ಜೋಡಿಸಲಾಯಿತು. ಸುಧಾಮಣಿಯ ಜಾಗದಲ್ಲಿ ಬೇರೊಬ್ಬ ಆಪರೇಟರ್ ಕೂತಿದ್ದ. ಒಂದು ವಾರ ಎಲ್ಲವೂ ಅನುಕ್ರಮವಾಗಿಯೇ ನಡೆಯಿತು: ಸ್ವಿಚ್, ರಿಲೇ, ಬ್ರೇಕರ್.

"ರಿಲೇ ಗಟ್ಟಿಯಾಗಿದೆ ಅಂದ್ಮೇಲೆ ತಪ್ಪು ಆ ಹುಡುಗೀದೇ ಆಯ್ತಲ್ಲ?" ಎಂದರು ಎಂಜಿನಿಯರ್.

ಸಿದ್ದಮಲ್ಲಪ್ಪ ಶಿವರಂಜಿನಿಯತ್ತ ನೋಡಿದರು.

"ಇನ್ನೊಂದ್ ವಾರ ಇರ್ಲಿ ಸಾರ್. ಕೆಟ್ಟಿರೋದು ಬೇರೆ ಕಡೆ ಇದ್ರೆ?"

ಮಾರ್ಚ್ 27ರ ಮಧ್ಯಾಹ್ನ ಲೋಡ್ ಶೆಡ್ಡಿಂಗ್‌ಗೆಂದು ಲೈನ್ ಕಡಿದಿದ್ದರು. ಆಪರೇಟರ್ ಊಟದ ಬುತ್ತಿ ಬಿಚ್ಚುತ್ತಿದ್ದ. ಡಬ್ಬಿ ಕಿರುಚಿತು. ಸ್ವಿಚ್ಚೂ ಸುಮ್ಮನಿತ್ತು, ರಿಲೇಯೂ ಸುಮ್ಮನಿತ್ತು. ಬ್ರೇಕರ್ ಮಾತ್ರ ಕೂತಿತ್ತು. ಡಬ್ಬಿಯ ಬಳಿ ಕೂತಿದ್ದ ಶಿವರಂಜಿನಿ ಮೊಳೆಯತ್ತ ನೋಡಿದಳು. ಬೀಗದ ಕೈ ಅಲ್ಲೇ ನೇತಾಡುತ್ತಿತ್ತು.

ಆಕೆ ಹೊರಗೆ ಓಡುವಷ್ಟರಲ್ಲಿ ಯಾರೂ ಇರಲಿಲ್ಲ. ಆದರೆ ಈಗ ಒಂದು ಸಂಗತಿ ಖಚಿತವಾಗಿತ್ತು. ಬ್ರೇಕರ್‌ಗೆ ಆದೇಶ ಹೋದದ್ದು ಕೋಣೆಯಿಂದಲ್ಲ, ಅಂಗಳದ ಪೆಟ್ಟಿಗೆಯಿಂದ. ಸುಧಾಮಣಿ ಆ ಹೊತ್ತಿನಲ್ಲಿ ಕುದೇರಿನ ತವರುಮನೆಯಲ್ಲಿದ್ದಳು. ಸಿದ್ದಮಲ್ಲಪ್ಪ ಬಂದು ಸ್ಥಳ ಮಹಜರು ನಡೆಸಿದರು. ಪೆಟ್ಟಿಗೆಯ ಬೀಗಕ್ಕೆ ಯಾರೋ ಹೊಸದಾಗಿ ಎಣ್ಣೆ ಬಿಟ್ಟಿದ್ದರು. ಹಿಂದಿನ ಬೇಲಿಯ ತಂತಿ ಒಂದೆಡೆ ಬಾಗಿತ್ತು. ಅಲ್ಲಿಂದ ಹುಲ್ಲು ತುಳಿದ ಜಾಡು ನೇರ ಒಂದು ಹೆಂಚಿನ ಮನೆಗೆ ಹೋಗುತ್ತಿತ್ತು.

ಅದು ಕರಿಬಸವಯ್ಯನ ಮನೆ. ಇದೇ ಉಪಕೇಂದ್ರದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಒಳಗೆ ಮಂಚದ ಮೇಲೆ ಹೆಂಡತಿ ಮರಿತಾಯಮ್ಮ ದಿಂಬಿಗೊರಗಿ ಕೂತು ಏದುಸಿರು ಬಿಡುತ್ತಿದ್ದಳು. ಪಕ್ಕದಲ್ಲಿ ಆಸ್ತಮಾ ರೋಗಿಗಳಿಗೆ ಔಷಧಿಯನ್ನು ಹಬೆಯಾಗಿ ಕೊಡುವ ಯಂತ್ರವಿತ್ತು.

"ಕರೆಂಟ್ ಹೋದಾಗ ಇದಕ್ಕೇನು ಮಾಡ್ತೀರಿ?" ಎಂದು ಸಿದ್ದಮಲ್ಲಪ್ಪ ಕೇಳಿದರು.

ಕರಿಬಸವಯ್ಯನ ಕೈ ಸೊಂಟದತ್ತ ಹೋಯಿತು.

"ಉಡಿದಾರದಲ್ಲಿ ಏನದು?"

ಕರಿಬಸವಯ್ಯ ಪೆಟ್ಟಿಗೆಯ ಇನ್ನೊಂದು ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟ. "ಆ ಪ್ಯಾನೆಲ್ಲು, ಆ ಪೆಟ್ಗೆ, ಎಲ್ಲಾ ಕೂಡ್ಸಿದ್ದು ಈ ಕೈ ಸಾ. ಐದ್ ನಿಮ್ಸ ಕರೆಂಟ್ ಬಂದ್ರೆ ಸಾಕು, ಇವಳ ಉಸ್ರು ಸಡ್ಲಾಯ್ತದೆ."

"ಅವತ್ತು ಲೈನ್ ಮೇಲೆ ಮನುಷ್ಯ ಇದ್ದ."

"ಗೊತ್ತಿರ್ನಿಲ್ಲ. ಲೈನ್ ಮ್ಯಾಲೆ ಜನ ಅವ್ರೆ ಅನ್ನೋ ಬೋರ್ಡ್ನ ಕೋಣೆ ಒಳಗೆ ತಗ್ಲಾಕಿದ್ರು."

"ಆಮೇಲೆ ಗೊತ್ತಾಯ್ತಲ್ಲ?"

ಅವನು ಹೆಂಡತಿಯ ಬೆನ್ನ ಹಿಂದಿನ ದಿಂಬು ಸರಿಪಡಿಸಿದ. "ಊರೆಲ್ಲ ಆ ಹುಡ್ಗಿ ಕೈತಪ್ಪು ಅಂತು. ನಾನೂ ಹಂಗೇ ನಂಬ್ಕಂಡೆ. ನಂಬ್ಕಂಡ್ರೆ ನಿದ್ದೆ ಬತ್ತಿತ್ತು."

"ಲೈನ್ ಕಡಿಯೋ ಮುಂಚೆ ತಿಳಿಸು ಅಂತ ಆ ಹುಡುಗೀನ ಕೇಳಬಹುದಿತ್ತು. ಆಗ ಇವರನ್ನ ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗಬಹುದಿತ್ತು."

"ಆ ಕರೆಂಟ್ ಸ್ಟೇಷನ್ನಾಗೆ ಎಲ್ಲಾರೂ ನನ್ನೇ ಕೇಳೋರು ಸಾ. ನಾನು ಯಾರ್ನೂ ಕೇಳ್ದೋನಲ್ಲ."

ಸಂಜೆ ಉಪಕೇಂದ್ರದಲ್ಲೇ ದಸ್ತಗಿರಿ ಪತ್ರ ಸಿದ್ಧವಾಯಿತು. ಹೇಳಿಕೆ ಕೊಡಲು ಸುಧಾಮಣಿ ಕುದೇರಿನಿಂದ ಬಂದಿದ್ದಳು. ಸುದ್ದಿ ತಿಳಿದು ಗುರುಮಲ್ಲಮ್ಮನೂ ಬಂದಿದ್ದಳು. ಎಲ್ಲರೆದುರು ಆಕೆ ಸುಧಾಮಣಿಯ ಕೈ ಹಿಡಿದಳು.

"ತೆಪ್ಪಾಯ್ತು ಕಣಮ್ಮಿ. ನನ್ ಗಂಡ ಗುಣ ಆದ್ಮೇಲೆ ನೀನು ಹೂಂ ಅಂದ್ರೇನೇ ಕಂಬ ಹತ್ಲಿ. ಬೇರೆ ಯಾರ್ ಮಾತೂ ಬ್ಯಾಡ."

ಸುಧಾಮಣಿ ತಲೆಯಾಡಿಸಿದಳು. ಹನ್ನೆರಡು ದಿನದಿಂದ ಒಣಗಿದ್ದ ಕಣ್ಣು ಆಗ ತುಂಬಿತು. ಎಂಜಿನಿಯರ್ ಬಂದು ಅಮಾನತು ರದ್ದಿಗೆ ಬರೆಯುವುದಾಗಿ ಹೇಳಿ, ಬೇಕಿದ್ದರೆ ಕಚೇರಿ ಕೆಲಸಕ್ಕೆ ವರ್ಗ ಮಾಡಿಸುತ್ತೇನೆ ಎಂದರು.

"ಬೇಡ ಸಾರ್. ನನ್ನ ಪಾಳಿ ಯಾವತ್ತಿಂದ ಅಂತ ಹೇಳಿ ಸಾಕು."

ಪಕ್ಕದಲ್ಲಿದ್ದ ಶಿವರಂಜಿನಿಯ ಬೆನ್ನು ನೆಟ್ಟಗಾದದ್ದನ್ನು ಸಿದ್ದಮಲ್ಲಪ್ಪ ಗಮನಿಸಿದರು.

ಕರಿಬಸವಯ್ಯನನ್ನು ಜೀಪಿನತ್ತ ಕರೆತಂದರು. ಸುಧಾಮಣಿಯ ಎದುರು ಬಂದಾಗ ಅವನು ನಿಂತ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ.

"ಅಮ್ಮಿ... ಮನೇಲಿ ಅವಳೊಬ್ಳೇ ಅವಳೆ. ವಸಿ ನೋಡ್ಕಂಡೀಯಾ?"

"ಅವರನ್ನ ಆಗ್ಲೇ ಗಾಡಿ ಹತ್ತಿಸಿದ್ದೀನಿ. ತಾಲ್ಲೂಕು ಆಸ್ಪತ್ರೇಲಿ ಜನರೇಟರ್ ಅದೆ," ಎಂದಳು ಸುಧಾಮಣಿ. "ನಾನೂ ಜೊತೇಲಿ ಹೊಯ್ತಿದೀನಿ."